ಇಲ್ಲದ ಕೈಯ ಪಟ್ಟಿ

ಆ ನರ್ಸಿಂಗ್ ಶಾಲೆಯ ಹುಡುಗಿಯರು ಆಕೆಗೆ ಇಟ್ಟಿದ್ದ ಹೆಸರು ‘ತಪ್ಪು ಮೇಡಂ’. ಮೇಡಂ ತಪ್ಪು ಅಂತಲ್ಲ. ತಪ್ಪೇ ಆಕೆಯ ಪಾಠ, ತಪ್ಪೇ ಆಕೆಯ ಪರೀಕ್ಷೆ, ತಪ್ಪೇ ಆಕೆಯ ಹೊಟ್ಟೆಪಾಡು. ಉಳಿದ ಮೇಡಂಗಳು ಯಾವುದು ಸರಿ ಎಂದು ಹೇಳಿಕೊಟ್ಟರೆ ಈಕೆ ತಪ್ಪು ಎಲ್ಲೆಲ್ಲಿ ಅಡಗಿ ಕೂತಿರುತ್ತದೆ ಎಂದು ತೋರಿಸುತ್ತಿದ್ದಳು. ಹೆಸರು ಕಿವಿಗೆ ಬಿದ್ದ ದಿನ ಸಿಟ್ಟು ಮಾಡಿಕೊಳ್ಳಲಿಲ್ಲ. “ಪರವಾಗಿಲ್ಲ, ಹೆಸರಿಡೋದ್ರಲ್ಲಾದ್ರೂ ತಪ್ಪು ಮಾಡಿಲ್ಲ” ಅಂದಿದ್ದಳು.

ವರ್ಷಕ್ಕೊಮ್ಮೆ, ಹುಡುಗಿಯರನ್ನು ಮೊದಲ ಸಲ ವಾರ್ಡಿಗೆ ಬಿಡುವ ಮುಂಚೆ, ಆಕೆಯ ಪರೀಕ್ಷೆ. ಶಾಲೆಯ ಲ್ಯಾಬಿನಲ್ಲಿ ಒಂದು ಆಸ್ಪತ್ರೆ ಮಂಚ, ಮಂಚದ ಮೇಲೆ ಕತ್ತಿನವರೆಗೆ ಹೊದ್ದು ಮಲಗಿದ ಆಳೆತ್ತರದ ರಬ್ಬರ್ ಗೊಂಬೆ. ಗೊಂಬೆಯ ಹೆಸರು ಮೌನಪ್ಪ. ಎಷ್ಟು ಚುಚ್ಚಿದರೂ ಚಕಾರ ಎತ್ತದ ರೋಗಿಗೆ ಇನ್ನೇನು ಹೆಸರಿಡುವುದು? ಈ ಮೌನಪ್ಪನ ಸುತ್ತಮುತ್ತ ಆಕೆ ಹನ್ನೆರಡು ತಪ್ಪುಗಳನ್ನು ಬಚ್ಚಿಡುತ್ತಿದ್ದಳು. ಮಂಚದ ಪಕ್ಕದ ಕಂಬಿ ಕೆಳಗಿಳಿದಿರುತ್ತಿತ್ತು. ಕರೆಗಂಟೆಯ ಗುಂಡಿ ರೋಗಿಯ ಕೈಗೆ ಎಟುಕದ ಗೋಡೆಯಲ್ಲಿ ನೇತಾಡುತ್ತಿತ್ತು. ಬಳಸಿದ ಸೂಜಿ ದಿಂಬಿನ ಪಕ್ಕ, ಸಲೈನ್ ನಳಿಗೆ ಮೊಣಕೈ ಕೆಳಗೆ ಮಡಚಿಕೊಂಡು, ಮೂತ್ರದ ಚೀಲ ಹೊಟ್ಟೆಗಿಂತ ಎತ್ತರದಲ್ಲಿ. ಹುಡುಗಿಯರು ಒಬ್ಬೊಬ್ಬರೇ ಒಳಗೆ ಹೋಗಬೇಕು, ಹತ್ತು ನಿಮಿಷದಲ್ಲಿ ಕಂಡಷ್ಟು ತಪ್ಪು ಬರೆದು ಕೊಡಬೇಕು. ಏಳಾದರೂ ಸಿಕ್ಕಿದರೆ ಅವರ ಪ್ರಾಕ್ಟಿಕಲ್ ಪುಸ್ತಕಕ್ಕೆ ಆಕೆಯ ಸಹಿ. ಸಹಿ ಬಿದ್ದವರು ಸೋಮವಾರ ನಿಜವಾದ ರೋಗಿಗಳ ಮುಂದೆ ನಿಲ್ಲುತ್ತಾರೆ. ಸಹಿ ಇಲ್ಲದವರು ಇನ್ನೂ ಎರಡು ವಾರ ಮೌನಪ್ಪನ ಸೇವೆ ಮಾಡಬೇಕು.

ಆಕೆಗೆ ಈ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದವಳು. ಒಂದು ಬೆಳಗ್ಗೆ, ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿ ಮಲಗಿದ್ದಾಗ, ಈಕೆ ಹೆಸರು ಕೂಗಿದಳು, ಅವರಲ್ಲೊಬ್ಬ ಹೂಂ ಅಂದ, ಈಕೆ ಇನ್ಸುಲಿನ್ ಚುಚ್ಚಿದಳು. ಅದು ಇನ್ನೊಬ್ಬನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ. ಸಕ್ಕರೆ ಕಾಯಿಲೆಯೇ ಇಲ್ಲದ ಆ ಮನುಷ್ಯ ಬೆವತು, ಕಣ್ಣು ಮೇಲಕ್ಕೆ ಮಾಡಿ, ಮೂರು ಗಂಟೆ ಹೊತ್ತು ಪ್ರಜ್ಞೆ ಇಲ್ಲದೆ ಬಿದ್ದಿದ್ದ. ಬದುಕಿಕೊಂಡ, ಪುಣ್ಯ. ಅವನ ಹೆಂಡತಿಗೆ ನಡೆದದ್ದೇನೂ ಗೊತ್ತಿಲ್ಲ. ಮನೆಗೆ ಹೋಗುವ ದಿನ ಈಕೆಯ ಎರಡೂ ಕೈ ಹಿಡಿದು, “ಸಿಸ್ಟರ್, ನೀವಿದ್ರಿ ಅಂತ ಉಳಿದ್ರು” ಅಂದಳು. ಆ ಮಾತು ಈಕೆಯನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಅದೇ ವರ್ಷ ವಾರ್ಡು ಬಿಟ್ಟು ಕಲಿಸುವ ಕೆಲಸಕ್ಕೆ ಬಂದಳು. ಹನ್ನೆರಡು ತಪ್ಪುಗಳಲ್ಲಿ ಹನ್ನೊಂದು ಪ್ರತಿ ವರ್ಷವೂ ಬದಲಾಗುತ್ತಿದ್ದವು, ಒಂದು ಮಾತ್ರ ಯಾವತ್ತೂ ಬದಲಾಗುತ್ತಿರಲಿಲ್ಲ: ರೋಗಿಯ ಮಣಿಕಟ್ಟಿನ ಗುರುತಿನ ಪಟ್ಟಿಯಲ್ಲಿ ಒಂದು ನಂಬರು, ಕೇಸ್ ಶೀಟಿನಲ್ಲಿ ಇನ್ನೊಂದು. ಯಾವ ನಂಬರು, ಯಾವ ಕೈ ಎನ್ನುವುದನ್ನು ಆಯಾ ವರ್ಷ ಹೊಸದಾಗಿ ಗೊತ್ತು ಮಾಡುತ್ತಿದ್ದಳು.

ಪರೀಕ್ಷೆಯ ಗುಟ್ಟನ್ನು ಆಕೆ ಕಾಪಾಡುತ್ತಿದ್ದ ಪರಿ ನೋಡಿದರೆ ಖಜಾನೆ ಕಾಯುವವರೂ ನಾಚಬೇಕು. ಹನ್ನೆರಡು ತಪ್ಪುಗಳನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ. “ಕಾಗದಕ್ಕೆ ಬಾಯಿ ಇರುತ್ತೆ” ಅನ್ನುತ್ತಿದ್ದಳು. ಲ್ಯಾಬಿಗೆ ಬೀಗ ಹಾಕಿ, ಪರೀಕ್ಷೆಯ ದಿನ ಬೆಳಗ್ಗೆ ತಾನೇ ಒಳಗೆ ಹೋಗಿ ಎಲ್ಲವನ್ನೂ ಜೋಡಿಸುತ್ತಿದ್ದಳು. ಕಸ ಗುಡಿಸುವ ಆಯಮ್ಮನಿಗೂ ಆ ಹೊತ್ತು ಪ್ರವೇಶವಿಲ್ಲ. ಜೋಡಿಸುವ ತಾಲೀಮು ಮಾತ್ರ ಹಿಂದಿನ ದಿನ ಮಧ್ಯಾಹ್ನ, ಮನೆಯಲ್ಲಿ, ತನ್ನ ಮಲಗುವ ಕೋಣೆಯ ಮಂಚದ ಮೇಲೆ. ಅಲ್ಲಿ ರೋಗಿ ಆಕೆಯ ಗಂಡ.

ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆಯುತ್ತಾ ತಲೆ ನರೆಸಿಕೊಂಡು ನಿವೃತ್ತಿಯಾಗಿದ್ದರು. ಮೆತ್ತನೆ ಮನುಷ್ಯ, ನೊಣಕ್ಕೂ ‘ಆಚೆ ಹೋಗಪ್ಪಾ’ ಅನ್ನುವ ಜಾತಿ. ಡ್ರೈವರುಗಳು ಏಳು ನಿಮಿಷ ತಡವಾಗಿ ಬಂದರೆ ನಾಲ್ಕು ಎಂದು ಬರೆದು ಕಳಿಸುತ್ತಿದ್ದರಂತೆ, ಪಾಪ ಅಂತ. ಮಕ್ಕಳಿಲ್ಲದ ಮನೆ. ಮೂವತ್ತಮೂರು ವರ್ಷದಿಂದ ಒಬ್ಬರಿಗೊಬ್ಬರು. ಗೊಂಬೆ ಇದ್ದೂ ಗಂಡನನ್ನು ಯಾಕೆ ಮಲಗಿಸಬೇಕು ಎಂದರೆ, ನಳಿಗೆ ಒತ್ತಿದರೆ ನೋಯುತ್ತದೋ ಇಲ್ಲವೋ, ಕೈ ಚಾಚಿದರೆ ಗುಂಡಿ ಸಿಗುತ್ತದೋ ಇಲ್ಲವೋ ಎಂದು ಮೌನಪ್ಪ ಬಾಯಿ ಬಿಟ್ಟು ಹೇಳುವುದಿಲ್ಲವಲ್ಲ. ಟೈಮ್‌ಕೀಪರು ಹೇಳುತ್ತಿದ್ದರು. ಪರದೆ ಕಂಬಿಗೆ ನೀರಿನ ಬಾಟಲಿ ಕಟ್ಟಿ ಅದನ್ನೇ ಸಲೈನ್ ಅನ್ನುತ್ತಿದ್ದಳು ಈಕೆ. ಅವರು ನರಳುತ್ತಾ, “ಸಿಸ್ಟರ್, ನಾನು ಉಳೀತೀನಾ?” ಎಂದು ಕೇಳುತ್ತಿದ್ದರು. “ಮಾತಾಡದೆ ಬಿದ್ದಿದ್ರೆ ಉಳೀತೀರಿ” ಎಂದು ಈಕೆ. ನಗುತ್ತಾ ನಗುತ್ತಾ ತಾಲೀಮು ಮುಗಿಯುತ್ತಿತ್ತು. ಆ ಒಂದು ಮಧ್ಯಾಹ್ನಕ್ಕಾಗಿ ಆಕೆ ವರ್ಷವಿಡೀ ಕಾಯುತ್ತಿದ್ದಳು ಎಂದರೆ ಸುಳ್ಳಲ್ಲ.

ಪರೀಕ್ಷೆಗೆ ಒಳ್ಳೆಯ ಹೆಸರಿತ್ತು. ಶುರು ಮಾಡಿದ ವರ್ಷ ಹುಡುಗಿಯರು ಕಂಡುಹಿಡಿದದ್ದು ಸರಾಸರಿ ಮೂರು. ಮರುವರ್ಷದಿಂದ ಹತ್ತು! ಎಷ್ಟೇ ಸಲ ತಪ್ಪುಗಳನ್ನು ಬದಲಿಸಿದರೂ ಹತ್ತರ ಆಸುಪಾಸು. ಕಲಿಸಿದ ಕೈ ಹಾಗಿದೆ ಎಂದರು ಎಲ್ಲರೂ. ಬೇರೆ ಶಾಲೆಗಳವರು ಬಂದು ನೋಡಿಕೊಂಡು ಹೋದರು. ಸಿಗದೆ ಉಳಿಯುತ್ತಿದ್ದ ಎರಡು ಯಾವಾಗಲೂ ಮಂಚದ ಕೆಳಗಿನವು: ಚಕ್ರಕ್ಕೆ ಬ್ರೇಕ್ ಹಾಕದೆ ಬಿಟ್ಟದ್ದು, ನೆಲದ ಮೇಲೆ ಚೆಲ್ಲಿದ ನೀರು, ಅಂಥವು. ಆಕೆ ಅದರ ಬಗ್ಗೆ ತಲೆ ಕೆಡಿಸಿಕೊಂಡು, ‘ನರ್ಸುಗಳ ಕಣ್ಣು ಮಂಚದ ಕೆಳಗೆ ಯಾಕೆ ಇಳಿಯುವುದಿಲ್ಲ’ ಎಂಬ ಲೇಖನ ಬರೆದು, ದೊಡ್ಡ ಸಭೆಯೊಂದರಲ್ಲಿ ಓದಿ, ಪ್ರಶಂಸಾಪತ್ರ ತಂದಿದ್ದಳು. ಟೈಮ್‌ಕೀಪರು ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದರು. ಪ್ರತಿ ತರಗತಿಯಲ್ಲೂ ಆಕೆಯ ಕೊನೆಯ ಮಾತು ಒಂದೇ ಆಗಿತ್ತು: “ಮಂಚದ ಕೆಳಗೆ ಬಗ್ಗಿ ನೋಡ್ರಮ್ಮಾ.”

ಈ ವರ್ಷವೂ ತಾಲೀಮು ನಡೆಯಿತು. ಬಟ್ಟೆಯ ಪಟ್ಟಿಯ ಮೇಲೆ ಹಾಸಿಗೆ ನಂಬರು ಹದಿನಾಲ್ಕು ಎಂದು ಬರೆದು ಗಂಡನ ಎಡಗೈಗೆ ಕಟ್ಟಿದಳು. ಕೇಸ್ ಶೀಟಿನಲ್ಲಿ ಹನ್ನೆರಡು. ಎಲ್ಲ ಸರಿಯಾಯಿತು ಎನ್ನಿಸಿದ ಮೇಲೆ ಪಟ್ಟಿ ಬಿಚ್ಚಿ ತನ್ನ ಪರ್ಸಿಗೆ ಹಾಕಿಕೊಂಡಳು.

ಮರುದಿನ ಬೆಳಗ್ಗೆ ಲ್ಯಾಬಿನಲ್ಲಿ ಮೌನಪ್ಪನ ಎಡಗೈಗೆ ಪಟ್ಟಿ ಕಟ್ಟಲು ಹೋದರೆ, ಆ ಕೈ ಭುಜದಿಂದ ಕಳಚಿಕೊಂಡು ಕೈಗೇ ಬಂತು. ರಬ್ಬರಿಗೂ ವಯಸ್ಸಾಗುತ್ತದೆ. ಪರೀಕ್ಷೆಯ ದಿನವೇ ಮೌನಪ್ಪ ಕೈಕೊಟ್ಟನಲ್ಲ ಎಂದು ಆಕೆಗೆ ನಗು ಬಂತು. ಗಡಿಯಾರ ನೋಡಿದಳು, ಸರಿಪಡಿಸಲು ಹೊತ್ತಿರಲಿಲ್ಲ. ಬಾಗಿಲ ಹೊರಗಿದ್ದ ಆಯಮ್ಮನನ್ನು ಕರೆದು ಕೈಯನ್ನು ದುರಸ್ತಿಗೆ ಕಳಿಸಿಕೊಟ್ಟಳು. ಹೊದಿಕೆಯನ್ನು ಎಡಭುಜದ ಮೇಲೆ ಚೆನ್ನಾಗಿ ಎಳೆದು ಮುಚ್ಚಿದಳು. ಸಲೈನ್ ಇದ್ದದ್ದು ಬಲಗೈಗೆ, ಅದು ಹೊದಿಕೆಯ ಹೊರಗೇ ಇತ್ತು; ಆದರೆ ಅದರ ಮಣಿಕಟ್ಟಿನ ತುಂಬ ಸಲೈನಿನ ಪ್ಲಾಸ್ಟರ್, ಗುರುತಿನ ಪಟ್ಟಿಗೆ ಜಾಗವಿರಲಿಲ್ಲ. ಪಟ್ಟಿಯ ತಪ್ಪನ್ನು ಕೈಬಿಟ್ಟು, ಅದರ ಬದಲು ಔಷಧಿ ತಟ್ಟೆಯಲ್ಲಿ ಹಿಂದಿನ ತಿಂಗಳಿಗೇ ಅವಧಿ ಮುಗಿದ ಮಾತ್ರೆಗಳ ಒಂದು ಹಾಳೆ ಇಟ್ಟಳು. ಲೆಕ್ಕ ಹನ್ನೆರಡಾಯಿತು. ಪಟ್ಟಿ ಪರ್ಸಿನಲ್ಲೇ ಉಳಿಯಿತು.

ಇಪ್ಪತ್ತೆಂಟು ಹುಡುಗಿಯರು. ಬೆಳಗ್ಗೆ ಒಂಬತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ಆಕೆ ಸ್ಟಾಫ್ ರೂಮಿನಲ್ಲಿ ಒಂದು ಲೋಟ ಚಹಾ ಇಟ್ಟುಕೊಂಡು ಉತ್ತರದ ಹಾಳೆಗಳನ್ನು ತೆಗೆದಳು.

ಮೊದಲ ಹಾಳೆಯ ಆರನೇ ಸಾಲಿನಲ್ಲಿ ಹೀಗಿತ್ತು: ‘ಎಡಗೈ ಪಟ್ಟಿಯಲ್ಲಿ ಹಾಸಿಗೆ ನಂಬರು 14, ಕೇಸ್ ಶೀಟಿನಲ್ಲಿ 12.’

ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಎರಡನೇ ಹಾಳೆಯಲ್ಲೂ ಎಡಗೈ ಪಟ್ಟಿ, ಹದಿನಾಲ್ಕು. ಮೂರನೆಯದರಲ್ಲೂ. ನಾಲ್ಕನೆಯವಳಂತೂ ‘ಪಟ್ಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ ಖಚಿತಪಡಿಸಿಕೊಂಡೆ’ ಎಂದು ಬೇರೆ ಬರೆದಿದ್ದಳು. ಇಲ್ಲದ ಕೈಯನ್ನು ಹಿಡಿದು, ಇಲ್ಲದ ಪಟ್ಟಿಯನ್ನು ಬೆಳಕಿಗೆ ಒಡ್ಡಿದ್ದಳು ಪುಣ್ಯಾತ್ಗಿತ್ತಿ! ಇಪ್ಪತ್ತೇಳು ಹಾಳೆಗಳಲ್ಲಿ ಇಪ್ಪತ್ತೇಳೂ ಹಾಗೇ ಇದ್ದವು. ಎಲ್ಲರೂ ಬರೆದದ್ದು ಹತ್ತೇ ಹತ್ತು, ಅವೇ ಹತ್ತು. ಅವಧಿ ಮುಗಿದ ಮಾತ್ರೆ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಇಪ್ಪತ್ತೆಂಟನೆಯ ಹಾಳೆ, ಎಲ್ಲರೂ ‘ನಿಧಾನಿ’ ಎಂದು ಆಡಿಕೊಳ್ಳುತ್ತಿದ್ದ ಹುಡುಗಿಯದು. ಹಾಸ್ಟೆಲಿನಲ್ಲಿ ಇರದೆ ದಿನಾ ಮನೆಯಿಂದ ಓಡಾಡುವವಳು ಅವಳೊಬ್ಬಳೇ. ಅವಳು ಬರೆದದ್ದು ಏಳು. ಮಾತ್ರೆ ಅವಳಿಗೆ ಕಂಡಿತ್ತು. ಕೊನೆಗೆ ಮೊದ್ದು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು: ‘ರೋಗಿಗೆ ಎಡಗೈ ಇಲ್ಲ. ಬಲಗೈಯಲ್ಲಿ ಪಟ್ಟಿ ಇಲ್ಲ. ಯಾರು ಅಂತ ತಿಳಿಯದೆ ಔಷಧಿ ಕೊಡುವುದಿಲ್ಲ.’

ಹೌದಲ್ಲ! ಪಟ್ಟಿಯೇ ಇಲ್ಲದ ರೋಗಿ. ಗಡಿಬಿಡಿಯಲ್ಲಿ ತಾನೇ ಮಾಡಿದ ಹದಿಮೂರನೆಯ ತಪ್ಪು ಅದು. ಅದನ್ನು ಹಿಡಿದವಳು ನಿಧಾನಿ ಒಬ್ಬಳೇ. ಬೇರೆ ದಿನವಾಗಿದ್ದರೆ ಆಕೆ ಓಡಿಹೋಗಿ ಆ ಹುಡುಗಿಯ ಬೆನ್ನು ತಟ್ಟುತ್ತಿದ್ದಳು. ಈಗ ಆ ಹಾಳೆಯನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲ ಹಾಳೆಯನ್ನೇ ಎತ್ತಿಕೊಂಡಳು.

ಏಕೆಂದರೆ ಹದಿನಾಲ್ಕು ಎಂಬ ಅಂಕಿ ಈ ಶಾಲೆಯೊಳಗೆ ಯಾರ ಕಣ್ಣಿಗೂ ಬಿದ್ದೇ ಇರಲಿಲ್ಲ. ಗೋಡೆಗೆ ಕಿವಿ ಇದ್ದರೂ ಕೇಳಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆಯಮ್ಮನ ಮೇಲೆ ಗುಮಾನಿ ಪಡೋಣವೆಂದರೆ ಅವಳು ಕಂಡದ್ದು ಬರಿಯ ರಬ್ಬರ್ ಕೈಯನ್ನು. ಹದಿನಾಲ್ಕು ಬರೆದ ಪಟ್ಟಿ ಹುಟ್ಟಿದ್ದು ತನ್ನ ಮಲಗುವ ಕೋಣೆಯಲ್ಲಿ, ಕಟ್ಟಿದ್ದು ಒಬ್ಬರ ಎಡಗೈಗೆ, ಬಿಚ್ಚಿ ಸೇರಿದ್ದು ತನ್ನ ಪರ್ಸಿಗೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆದರೂ ಆಕೆ ಪರ್ಸು ತೆಗೆದು ಪಟ್ಟಿ ಅಲ್ಲೇ ಇದೆಯೇ ಎಂದು ನೋಡಿದಳು. ಇತ್ತು. ಕಾಗದಕ್ಕೆ ಬಾಯಿ ಇದೆ ಎಂದು ಇಷ್ಟು ವರ್ಷ ಹೆದರಿದವಳು, ಬಾಯಿಗೂ ಬಾಯಿ ಇದೆ ಎಂಬುದನ್ನು ಮರೆತುಬಿಟ್ಟಿದ್ದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಆಕೆ ಗಂಡನ ಪರವಾಗಿ ವಕೀಲಿಕೆ ಮಾಡಿದಳು. ಬಾಯಿ ತಪ್ಪಿ ಯಾರ ಮುಂದೋ ಅಂದಿರಬಹುದು. ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ತಮಾಷೆಗೆ ಹೇಳಿರಬಹುದು, ಪಕ್ಕದಲ್ಲಿ ಯಾವಳೋ ಹುಡುಗಿ ನಿಂತಿದ್ದಿರಬಹುದು. ಹೀಗೇ ಇರಲಿ ದೇವರೇ ಎಂದು ಬೇಡಿಕೊಂಡಳು. ಬೆಪ್ಪುತನ ಆಗಿದ್ದರೆ ಸಾಕು, ಇನ್ನೇನೂ ಆಗಿರದಿದ್ದರೆ ಸಾಕು.

ಟೈಮ್‌ಕೀಪರು ಬಾಗಿಲಲ್ಲೇ ಕೂತಿದ್ದರು. ಈಕೆಯನ್ನು ಕಂಡವರೇ ಮುಖ ಅರಳಿಸಿ, “ಎಷ್ಟು ಬಂತು?” ಅಂದರು.

“ಹತ್ತು” ಅಂದಳು.

“ಹೌದಾ! ಹತ್ತಾ! ನೋಡ್ದ್ಯಾ, ನಾನು ಹೇಳ್ಲಿಲ್ವಾ? ನಿನ್ನ ಕೈಲಿ ಕಲಿತ ಮಕ್ಕಳು...”

“ಮೌನಪ್ಪನ ಎಡಗೈ ಬೆಳಗ್ಗೆ ಕಿತ್ತು ಬಂತು, ರೀ. ಪಟ್ಟಿ ಕಟ್ಟಲೇ ಇಲ್ಲ ನಾನು. ಪರ್ಸಲ್ಲಿದೆ.” ಪಟ್ಟಿಯನ್ನು ತೆಗೆದು ಅವರ ತೊಡೆಯ ಮೇಲಿಟ್ಟಳು. “ಇಪ್ಪತ್ತೇಳು ಜನ ಇದನ್ನ ಓದಿದ್ದಾರೆ.”

ಅವರು ಪಟ್ಟಿಯನ್ನು ನೋಡಿದರು. ಮುಖದ ನಗು ಇನ್ನೂ ಇತ್ತು, ಹೋಗಲು ಮರೆತಂತೆ. ಆಮೇಲೆ ತಲೆ ಕೆರೆದುಕೊಂಡರು.

“ಪಾಪ, ಹುಡುಗಿಯರು ಹೆದ್ರಿಕೊಂಡಿದ್ವು ಕಣೇ. ಹಾಸ್ಟೆಲ್ ಮುಂದಿನ ಬೆಂಚಲ್ಲಿ ಕೂತಿದ್ದೆ. ‘ಅಂಕಲ್, ಅಂಕಲ್’ ಅಂತ ಸುತ್ತ ಬಂದ್ವು. ಒಂದೆರಡು ಹೇಳ್ದೆ. ಅದರಲ್ಲೇನು ಗಂಟು ಹೋಯ್ತು? ಪರೀಕ್ಷೆ ತಾನೇ, ಆಪರೇಷನ್ ಏನಲ್ವಲ್ಲ.”

“ಒಂದೆರಡಲ್ಲ. ಹತ್ತು.”

“ಎಲ್ಲಾ ಏನೂ ಹೇಳ್ಲಿಲ್ಲ, ಆಣೆ ಮಾಡ್ತೀನಿ. ನಾನು ಅಂಗಾತ ಮಲಗಿರೋನು, ನನಗೆ ಕಾಣೋದಾದ್ರೂ ಎಷ್ಟು? ಕಂಡಿದ್ದು ಹೇಳಿದೀನಿ ಅಷ್ಟೆ. ಮಂಚದ ಕೆಳಗೆ ನೀನು ಏನಿಡ್ತೀಯೋ ಅದು ನನಗೆ ಯಾವತ್ತು ಗೊತ್ತಾಗಿದೆ ಹೇಳು?”

ತಪ್ಪು ಸಣ್ಣದು ಎಂದು ತೋರಿಸಲು ಆಡಿದ ಮಾತು ಅದು. ಪಾಪ, ಅದು ಏನನ್ನು ಬಿಚ್ಚಿಟ್ಟಿತು ಎಂಬುದು ಅವರಿಗೆ ತಿಳಿಯಲಿಲ್ಲ. ಆಕೆಗೆ ತಿಳಿಯಿತು. ‘ಯಾವತ್ತು’ ಎಂಬ ಮಾತಿಗೆ ನಿಂತಲ್ಲೇ ನಿಂತಳು. ಹಜಾರದ ಗೋಡೆಯಲ್ಲಿ ಕಟ್ಟು ಹಾಕಿದ ಪ್ರಶಂಸಾಪತ್ರ ಇತ್ತು. ನರ್ಸುಗಳ ಕಣ್ಣು ಮಂಚದ ಕೆಳಗೆ ಯಾಕೆ ಇಳಿಯುವುದಿಲ್ಲ. ನರ್ಸುಗಳ ಕಣ್ಣಲ್ಲ. ಮಲಗಿದ ಗಂಡನ ಕಣ್ಣು. ಸಭೆಯ ತುಂಬ ಜನ ಕೂತು ಕೇಳಿ ಟಿಪ್ಪಣಿ ಮಾಡಿಕೊಂಡದ್ದು, ತನ್ನ ಗಂಡನಿಗೆ ಮಂಚದ ಮೇಲಿಂದ ಏನೇನು ಕಾಣುವುದಿಲ್ಲ ಎಂಬುದನ್ನು.

“ಎಷ್ಟು ವರ್ಷದಿಂದ?” ಅಂದಳು.

ಅವರು ತೊಡೆಯ ಮೇಲಿನ ಪಟ್ಟಿಯನ್ನು ಮಡಚಿದರು, ಬಿಡಿಸಿದರು.

“ಡಿಪೋದಲ್ಲಿ ನಿಮಿಷಾನೂ ಬರೆದೋರು ನೀವು. ವರ್ಷ ನೆನಪಿಲ್ವಾ?”

“ಮೊದಲ್ನೇ ವರ್ಷ ಬಿಟ್ಟು” ಅಂದರು ಟೈಮ್‌ಕೀಪರು, ನೆಲ ನೋಡುತ್ತಾ. “ಆ ವರ್ಷ ಬರೀ ಮೂರು ಬಂದಿತ್ತು. ಎರಡು ದಿನ ನೀನು ಅನ್ನ ಮುಟ್ಟಲಿಲ್ಲ. ‘ನಾನು ಕಲಿಸಿದ ಮಕ್ಕಳು ಜನಾನ ಕೊಲ್ತವೆ’ ಅಂತ ಅಡುಗೆಮನೆ ನೆಲದ ಮೇಲೆ ಕೂತು ಅತ್ತೆ. ಈ ಪರೀಕ್ಷೆ ಬೇಡ, ನಿಲ್ಲಿಸಿ ಅಂತ ಮೇಲಿನೋರು ಬೇರೆ ಅಂದಿದ್ರು. ನನಗೆ ನೋಡೋಕಾಗ್ಲಿಲ್ಲ. ಮುಂದಿನ ವರ್ಷ ಹುಡುಗಿಯರು ಕೇಳಿದ್ರು, ಹೇಳ್ದೆ. ಆವತ್ತು ಸಂಜೆ ನೀನು ಬಂದು ಚಿಕ್ಕ ಹುಡುಗಿ ಹಾಗೆ ನಕ್ಕೆ. ಆಮೇಲೆ ಹೇಗೆ ನಿಲ್ಲಿಸೋದು? ನಿಲ್ಲಿಸಿದ್ರೆ ಮತ್ತೆ ಮೂರಕ್ಕೆ ಬರುತ್ತಲ್ಲ.”

ಹನ್ನೊಂದು ವರ್ಷ. ಪ್ರತಿ ತಂಡದವರೂ ಮುಂದಿನ ತಂಡಕ್ಕೆ ಬೆಂಚು ತೋರಿಸಿ ಹೋಗಿದ್ದರು. ಪರೀಕ್ಷೆಯ ಹಿಂದಿನ ಸಂಜೆ ಅಂಕಲ್ ಅಲ್ಲಿ ಕೂತಿರುತ್ತಾರೆ, ಕೇಳಿದರೆ ಹೇಳುತ್ತಾರೆ. ಹುಡುಗಿಯರಿಗೆಲ್ಲ ಗೊತ್ತಿತ್ತು. ಇಡೀ ಹಾಸ್ಟೆಲಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಈಕೆಗೆ ಒಬ್ಬಳಿಗೇ. ತಪ್ಪು ಹುಡುಕುವುದರಲ್ಲಿ ಇವಳನ್ನು ಬಿಟ್ಟರಿಲ್ಲ ಎಂದು ಹೆಸರಾದವಳು!

ಹೇಳಿಕೊಟ್ಟದ್ದಕ್ಕಿಂತ ಆಕೆಯ ಎದೆಗೆ ಚುಚ್ಚಿದ್ದು ಇನ್ನೊಂದು. ಪ್ರತಿ ವರ್ಷ ಆಕೆ ಓಡಿಬಂದು “ಹತ್ತು ರೀ!” ಅಂದಾಗ ಈ ಮನುಷ್ಯ ಕಣ್ಣರಳಿಸಿ “ಹೌದಾ! ಹತ್ತಾ!” ಅಂದಿದ್ದರು. ಒಂದು ಸಲವಲ್ಲ, ಹನ್ನೊಂದು ಸಲ. ಈಗ, ಈ ಬಾಗಿಲಲ್ಲಿ, ಹನ್ನೆರಡನೇ ಸಲಕ್ಕೂ ಮುಖ ಸಿದ್ಧವಾಗಿತ್ತು. ಆ ಮೆತ್ತನೆ ಮುಖ ಇಷ್ಟು ಚೆನ್ನಾಗಿ ನಟಿಸುತ್ತದೆ ಎಂದು ಮೂವತ್ತಮೂರು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ತಿಳಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು?

“ನಿನಗೋಸ್ಕರ ಮಾಡಿದ್ದು. ಹೊಟ್ಟೆಗೆ ಹಾಕ್ಕೋ” ಅಂದರು ಅವರು. “ಈ ಸಲದ್ದು ಇನ್ನೊಂದು ಪರೀಕ್ಷೆ ಮಾಡಿಬಿಡು. ಹಳೇದು ನಮ್ಮಿಬ್ಬರ ಮಧ್ಯೆ ಇರ್ಲಿ.”

“ನಮ್ಮಿಬ್ಬರ ಮಧ್ಯೆ ಇದ್ದಿದ್ದು ಆ ಮಂಚದ ಮೇಲೆ ಒಂದು ಮಧ್ಯಾಹ್ನ, ರೀ. ಅದನ್ನೇ ಬೆಂಚಿಗೆ ತಗೊಂಡು ಹೋದ್ರಲ್ಲ. ಇನ್ನೇನು ಉಳಿದಿದೆ ಮಧ್ಯೆ ಇಡೋಕೆ?” ಅಂದಳು. “ಮುನ್ನೂರು ಪುಸ್ತಕಕ್ಕೆ ಸಹಿ ಹಾಕಿದೀನಿ ನಾನು. ಆ ಮುನ್ನೂರು ಹುಡುಗಿಯರು ಈಗ ಎಲ್ಲೆಲ್ಲಿ ಯಾರ್ಯಾರ ಕೈಗೆ ಸೂಜಿ ಚುಚ್ತಿದ್ದಾರೆ ಗೊತ್ತಾ ನಿಮಗೆ? ನನಗೂ ಗೊತ್ತಿಲ್ಲ.”

ಅಳು ಬಂದಿತ್ತು ಅವರಿಗೆ. ಆಕೆಗೆ ಅದೂ ನಿಜವೋ ನಟನೆಯೋ ತಿಳಿಯಲಿಲ್ಲ. ಇನ್ನು ಮುಂದೆ ಯಾವತ್ತೂ ತಿಳಿಯುವುದಿಲ್ಲ ಎಂದು ಹೊಳೆದಾಗ ಪರ್ಸು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಸಹಿಯಿಲ್ಲದ ಇಪ್ಪತ್ತೆಂಟು ಪುಸ್ತಕಗಳನ್ನು ಮೇಜಿನ ಮೇಲಿಟ್ಟಳು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಪ್ರಿನ್ಸಿಪಾಲರು ಹೆಚ್ಚು ವಯಸ್ಸಾಗಿರದ, ಫೈಲುಗಳ ನಡುವೆ ಬದುಕುವ ಹೆಂಗಸು. ಪೆನ್ನಿನ ಮುಚ್ಚಳ ತೆಗೆದು, “ಗುಟ್ಟು ಬಿಟ್ಟುಕೊಟ್ಟಿದ್ದು ಯಾರು? ಹೊರಗಿನವರಾ?” ಎಂದು ಕೇಳಿದರು.

“ಅಲ್ಲ. ನಮ್ಮ ಮನೆಯವರು.”

ಗಂಡನನ್ನು ಹಾಗೆಯೇ ಕರೆಯುವುದು ಎಲ್ಲರೂ. ಆಕೆಯೂ ಸಾವಿರ ಸಲ ಹಾಗೆ ಅಂದಿದ್ದಳು. ನಮ್ಮ ಮನೆಯವರು ಊಟಕ್ಕೆ ಕಾಯ್ತಿರ್ತಾರೆ, ನಮ್ಮ ಮನೆಯವರಿಗೆ ನೆಗಡಿ. ಆವತ್ತು ಆ ಎರಡು ಮಾತನ್ನು ಬಿಡಿಬಿಡಿಯಾಗಿ ಅಂದಳು. ಪ್ರಿನ್ಸಿಪಾಲರು ಬರೆಯಲು ಹೋದವರು ಪೆನ್ನನ್ನು ಹಾಗೆಯೇ ಹಿಡಿದು ನಿಲ್ಲಿಸಿದರು.

“ಮೇಡಂ, ಈ ವರ್ಷದ್ದು ಮತ್ತೆ ಪರೀಕ್ಷೆ ಮಾಡಿ, ಬೇಡ ಅನ್ನಲ್ಲ. ಹಿಂದಿನದು ಕೆದಕಬೇಡಿ. ನಿಮ್ಮ ಹೆಸರೇ ಹಾಳಾಗುತ್ತೆ.”

“ನನ್ನ ಹೆಸರು ಹಾಳಾದ್ರೆ ಯಾರೂ ಸಾಯಲ್ಲ” ಅಂದಳು ಆಕೆ. “ಹನ್ನೊಂದು ವರ್ಷದ ಹುಡುಗಿಯರು ಯಾವ ಯಾವ ಆಸ್ಪತ್ರೆಗೆ ಹೋಗಿದ್ದಾರೆ ಅಂತ ಆಫೀಸಲ್ಲಿ ಇರುತ್ತೆ. ಈ ಪರೀಕ್ಷೆ ಲೆಕ್ಕಕ್ಕಿಲ್ಲ, ನೀವೇ ಒಂದ್ಸಲ ನೋಡ್ಕೊಳ್ಳಿ ಅಂತ ಅಲ್ಲಿಯ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರೀತೀನಿ. ನನ್ನ ಸಹಿ, ನನ್ನ ಜವಾಬ್ದಾರಿ.”

ಬರೆದಳು. ಆ ವಾರವೆಲ್ಲ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೂತು ಬರೆದಳು. ಮೂವತ್ತಾರು ಆಸ್ಪತ್ರೆಗಳಿಗೆ ಹೋಯಿತು ಆ ಕಾಗದ. ಕೆಲವರು ಉತ್ತರ ಕೊಟ್ಟರು, ಬಹಳ ಜನ ಕೊಡಲಿಲ್ಲ. ಒಬ್ಬಾಕೆಯಂತೂ ‘ನಿಮ್ಮ ಸಂಸಾರದ ತಾಪತ್ರಯಕ್ಕೆ ನಾವೇನು ಮಾಡೋಣ’ ಎಂದು ಬರೆದಿದ್ದಳು. ಆಕೆ ಅದನ್ನೂ ಓದಿ, ಫೈಲಿನಲ್ಲಿಟ್ಟಳು.

ಮರುಪರೀಕ್ಷೆ ಶನಿವಾರಕ್ಕೆ ನಿಂತಿತು. ಈ ಸಲ ಮನೆಯಲ್ಲಿ ತಾಲೀಮು ಇಲ್ಲ. ಶುಕ್ರವಾರ ಮಧ್ಯಾಹ್ನ ಟೈಮ್‌ಕೀಪರು ಅಭ್ಯಾಸಬಲದಿಂದಲೋ, ಕ್ಷಮೆ ಸಿಕ್ಕೀತೆಂಬ ಆಸೆಯಿಂದಲೋ, ಮಂಚದ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು ಹಾಸಿಗೆ ಕೊಡವಿ ಇಟ್ಟಿದ್ದರು. ಆಕೆ ನೋಡಿಯೂ ನೋಡದವಳಂತೆ ಚಪ್ಪಲಿ ಮೆಟ್ಟಿ ಶಾಲೆಗೆ ನಡೆದಳು. ಲ್ಯಾಬಿನ ಬಾಗಿಲು ಹಾಕಿಕೊಂಡು, ಮೌನಪ್ಪನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಆ ಮಂಚದ ಮೇಲೆ ತಾನೇ ಮಲಗಿದಳು. ಗುಂಡಿಗೆ ಕೈ ಚಾಚಿ ನೋಡಿದಳು. ನಳಿಗೆಯನ್ನು ಮೊಣಕೈ ಕೆಳಗಿಟ್ಟು ಒತ್ತಿಸಿಕೊಂಡಳು. ಹನ್ನೆರಡು ವರ್ಷದಲ್ಲಿ ಆಕೆ ರೋಗಿಯ ಜಾಗದಲ್ಲಿ ಮಲಗಿದ್ದು ಅದೇ ಮೊದಲು. ಅಲ್ಲಿಂದ ಛಾವಣಿ ಕಂಡಿತು, ಸಲೈನ್ ಕಂಬ ಕಂಡಿತು, ಬಾಗಿಲಿನ ಮೇಲರ್ಧ ಕಂಡಿತು. ಬಗ್ಗಿ ಕೆಲಸ ಮಾಡುವವರ ಮುಖವಾದರೆ ತೀರ ಹತ್ತಿರದಿಂದ ಕಾಣುತ್ತದೆ. ಇಷ್ಟು ಹತ್ತಿರದಿಂದ ತನ್ನ ಮುಖ ನೋಡುತ್ತಲೇ ಗಂಡ ಒಂದೊಂದು ತಪ್ಪನ್ನೂ ನೆನಪಿಟ್ಟುಕೊಳ್ಳುತ್ತಿದ್ದರಲ್ಲ ಎನ್ನಿಸಿ, ಅಲ್ಲೇ ಮಲಗಿಕೊಂಡು, ಯಾರೂ ಇಲ್ಲದ ಆ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು, ಮುಖ ತೊಳೆದು, ಹಾಸಿಗೆ ಸರಿಮಾಡಿ, ದುರಸ್ತಿಯಾಗಿ ಬಂದಿದ್ದ ಎಡಗೈ ಜೋಡಿಸಿ, ಮೌನಪ್ಪನನ್ನು ಮತ್ತೆ ಮಲಗಿಸಿದಳು.

ಶನಿವಾರ ಹುಡುಗಿಯರು ಬಾಡಿದ ಮುಖ ಹೊತ್ತು ಬಂದರು. ಬೆಂಚಿನ ಮೇಲೆ ಯಾರೂ ಇರಲಿಲ್ಲವಲ್ಲ. ಒಬ್ಬೊಬ್ಬರೇ ಒಳಗೆ ಹೋದರು. ಕೆಲವರು ಅಳುತ್ತಾ ಹೊರಗೆ ಬಂದರು. ನಿಧಾನಿ ಮಾತ್ರ ಕೊನೆಯ ಸೆಕೆಂಡಿನವರೆಗೂ ಒಳಗಿದ್ದು, ಮಂಡಿಗೆ ಅಂಟಿದ ಧೂಳು ಕೊಡವಿಕೊಳ್ಳುತ್ತಾ ಬಂದಳು.

ಈ ಸಲ ಆಕೆ ಚಹಾ ಇಟ್ಟುಕೊಳ್ಳದೆಯೇ ಹಾಳೆಗಳನ್ನು ತೆಗೆದಳು. ಮೂರು ಬಂದರೆ ಹನ್ನೆರಡು ವರ್ಷ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದೊಂದನ್ನೇ ತಿದ್ದಿದಳು. ಎಂಟು. ನಾಲ್ಕು. ಆರು. ಏಳು. ಐದು. ಒಬ್ಬರ ಹಾಳೆ ಇನ್ನೊಬ್ಬರದರ ಹಾಗೆ ಇರಲಿಲ್ಲ. ಒಬ್ಬಳು ಕಂಡದ್ದನ್ನು ಇನ್ನೊಬ್ಬಳು ಕಂಡಿರಲಿಲ್ಲ. ನಿಧಾನಿ ಒಂಬತ್ತು. ಎಲ್ಲವನ್ನೂ ಕೂಡಿ ಭಾಗಿಸಿದಾಗ ಬಂದದ್ದು ಆರು. ಇನ್ನೂ ಒಂದು ವಿಷಯವಿತ್ತು. ಮಂಚದ ಕೆಳಗಿನ ಎರಡು ತಪ್ಪನ್ನು ಇಪ್ಪತ್ತೈದು ಹುಡುಗಿಯರು ಬಗ್ಗಿ ನೋಡಿ ಹಿಡಿದಿದ್ದರು. ಹೇಳಿಕೊಟ್ಟದ್ದು ಕಿವಿಗೆ ಬಿದ್ದಿತ್ತು, ಹಾಗಾದರೆ. ಉತ್ತರ ಮೊದಲೇ ಕೈಯಲ್ಲಿದ್ದಾಗ ಯಾರು ತಾನೇ ಬಗ್ಗುತ್ತಾರೆ?

ಆರು. ಆಕೆ ಆ ಅಂಕಿಗೆ ಪೆನ್ನಿನಿಂದ ಒಂದು ಸುತ್ತು ಹಾಕಿದಳು. ಹತ್ತರ ಮುಂದೆ ಅದು ಬಡಕಲು. ಆದರೆ ಅದಕ್ಕೆ ಬೇರೆ ಯಾರ ಬಾಯೂ ತಾಗಿರಲಿಲ್ಲ. ಮೂರರಿಂದ ಆರಕ್ಕೆ ಏರಿಸಿದವಳು ತಾನು, ತಾನೊಬ್ಬಳೇ. ಇದು ಇಷ್ಟು ವರ್ಷ ತನಗೂ ಗೊತ್ತಿರಲಿಲ್ಲ. ಹನ್ನೊಂದು ಪುಸ್ತಕಗಳಿಗೆ ಸಹಿ ಹಾಕಿದಳು, ಹದಿನೇಳನ್ನು ಪಕ್ಕಕ್ಕಿಟ್ಟಳು. ಸೋಮವಾರ ಅವರಿಗೆ ಮತ್ತೆ ಪಾಠ.

ಮನೆಗೆ ಬರುವಾಗ ಬಿಸಿಲು ಇಳಿದಿತ್ತು. ಟೈಮ್‌ಕೀಪರು ಬಾಗಿಲಲ್ಲಿ ಕೂರಲು ಧೈರ್ಯವಿಲ್ಲದೆ ಒಳಗೆ ಹಜಾರದಲ್ಲಿ ಕೂತಿದ್ದರು. ಗೋಡೆಯ ಪ್ರಶಂಸಾಪತ್ರವನ್ನು ಯಾರೂ ಹೇಳದೆ ತಾವೇ ಇಳಿಸಿಟ್ಟಿದ್ದರು. ಆಕೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಇಬ್ಬರಿಗೂ ಚಹಾ ಮಾಡಿ ತಂದಳು. ಅವರದನ್ನು ಅವರ ಮುಂದಿಟ್ಟಳು. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಅವರು ಸಣ್ಣ ದನಿಯಲ್ಲಿ ಕೇಳಿದರು.

“ಎಷ್ಟು ಬಂತು?”

ಆರು ಎಂಬುದು ನಾಲಿಗೆಯ ತುದಿಗೆ ಬಂತು. ಹೇಳಿಕೊಳ್ಳಬೇಕು ಎಂದು ಜೀವ ಹಾತೊರೆಯುತ್ತಿತ್ತು. ಆರು ಎಂದರೆ ಎಷ್ಟು ದೊಡ್ಡದು ಎಂದು ಅರ್ಥವಾಗುವ ಮನುಷ್ಯ ಈ ಭೂಮಿಯ ಮೇಲೆ ಇದ್ದದ್ದು ಒಬ್ಬರೇ, ಆ ಒಬ್ಬರು ಎದುರಿಗೇ ಕೂತಿದ್ದರು.

“ಪರೀಕ್ಷೆ ವಿಷಯ ಹೊರಗಿನವರಿಗೆ ಹೇಳೋ ಹಾಗಿಲ್ಲ” ಅಂದಳು, ತನ್ನ ಲೋಟ ಎತ್ತಿಕೊಂಡು.